ಗರ್ಭಕೋಶ ತೆಗೆಸುವ ಮುಂಚೆ ಒಳಗೆ ನೋಡಿಸಿ: ಹಿಸ್ಟರೋಸ್ಕೋಪಿ ಮತ್ತು ಉಳಿದ ಸಣ್ಣ ಚಿಕಿತ್ಸೆಗಳಿಗೆ ಹೋಗುವವರಿಗೆ

ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದೆ ಅಂತ ಆಸ್ಪತ್ರೆಗೆ ಹೋದ ನಲವತ್ತರ ಹೆಂಗಸಿಗೆ ನಮ್ಮಲ್ಲಿ ಬೇಗ ಸಿಗುವ ಸಲಹೆ ಒಂದಿದೆ. "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ." ಅಕ್ಕಪಕ್ಕದವರು ಹೇಳುತ್ತಾರೆ, ನಾದಿನಿ ಹೇಳುತ್ತಾಳೆ, ಎಷ್ಟೋ ಸಲ ಡಾಕ್ಟರೂ ಅದನ್ನೇ ಹೇಳುತ್ತಾರೆ. ಕೆಲವರಿಗೆ ಆ ಆಪರೇಷನ್ ನಿಜವಾಗಿಯೂ ಬೇಕು. ಆದರೆ ಎಷ್ಟೋ ಜನರ ತೊಂದರೆ ಗರ್ಭಕೋಶದ ಒಳಪದರದಲ್ಲಿ ಮೊಗ್ಗಿನ ಹಾಗೆ ಬೆಳೆದ ಒಂದು ಸಣ್ಣ ಪಾಲಿಪ್‌ನಿಂದಲೋ, ಗೋಡೆಯಿಂದ ಒಳಕ್ಕೆ ಚಾಚಿಕೊಂಡಿರುವ ಗಡ್ಡೆಯಿಂದಲೋ ಬಂದಿರುತ್ತದೆ. ಯೋನಿಯ ಮೂಲಕ ಕ್ಯಾಮೆರಾ ಕೊಳವೆ ಕಳಿಸಿ ಒಳಗೆ ನೋಡುವ ಹಿಸ್ಟರೋಸ್ಕೋಪಿಯಲ್ಲಿ ಹೊಟ್ಟೆ ಕೊಯ್ಯದೆ, ಒಂದು ಹೊಲಿಗೆಯೂ ಹಾಕದೆ ಅದನ್ನು ತೆಗೆದು ಸಂಜೆಗೆ ಮನೆಗೆ ಕಳಿಸಬಹುದು.

ರಕ್ತ ಯಾಕೆ ಹೋಗುತ್ತಿದೆ ಅನ್ನುವುದಕ್ಕೆ ಒಂದು ಸ್ಪಷ್ಟ ಕಾರಣ ಸಿಗುವವರೆಗೆ ಗರ್ಭಕೋಶ ತೆಗೆಯುವ ಕಾಗದಕ್ಕೆ ಸಹಿ ಹಾಕಬೇಡಿ. ಇದು ನನ್ನ ಮೊದಲ ಮಾತು. ಇದು ನನ್ನೊಬ್ಬಳ ಹಟವಲ್ಲ. ಬಿಹಾರ, ಛತ್ತೀಸಗಢ, ರಾಜಸ್ಥಾನದ ಬಡ ಹೆಂಗಸರಿಗೆ ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದಿದ್ದಾರೆ ಅನ್ನುವ ದೂರು ಸುಪ್ರೀಂ ಕೋರ್ಟಿಗೆ ಹೋಗಿತ್ತು. 2023ರ ಏಪ್ರಿಲ್‌ನಲ್ಲಿ ಕೋರ್ಟು, ಇಂಥದ್ದನ್ನು ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ಎಲ್ಲಾ ರಾಜ್ಯಗಳಿಗೆ ಹೇಳಿತು. ಸಣ್ಣ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವರ ತೊಂದರೆಗಳೆಲ್ಲ ಒಮ್ಮೆಲೇ ಶುರುವಾಗುತ್ತವೆ. ಮೈ ಬಿಸಿಯೇರುವುದು, ನಿದ್ದೆ ಕೆಡುವುದು, ಮುಂದೆ ಮೂಳೆ ಸವೆಯುವುದು, ಹೃದಯದ ತೊಂದರೆಯ ಭಯ. ಅಂಡಾಶಯ ಉಳಿಸಿದರೂ ಕೆಲವರಿಗೆ ಅದು ಬೇಗ ಕೆಲಸ ನಿಲ್ಲಿಸುತ್ತದೆ.

ಡಾಕ್ಟರ ಹತ್ತಿರ ಹೋಗುವ ಮುಂಚೆ

ಒಂದು ಸಣ್ಣ ನೋಟ್‌ಬುಕ್ ಇಡಿ, ಇಲ್ಲ ಫೋನಿನಲ್ಲೇ ಬರೆದಿಡಿ. ಮುಟ್ಟು ಯಾವತ್ತು ಶುರುವಾಯಿತು, ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸಿದಿರಿ, ರಕ್ತದ ಗಂಟು ಬಿತ್ತಾ, ರಾತ್ರಿ ಎದ್ದು ಪ್ಯಾಡ್ ಬದಲಾಯಿಸಬೇಕಾಯಿತಾ, ಮುಟ್ಟಿನ ಮಧ್ಯದಲ್ಲಿ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸಿತಾ. ಎರಡು ಮೂರು ತಿಂಗಳ ಲೆಕ್ಕ ಇದ್ದರೆ ಡಾಕ್ಟರಿಗೆ ಅರ್ಧ ಕೆಲಸ ಸುಲಭ. "ತುಂಬಾ ಹೋಗುತ್ತೆ ಡಾಕ್ಟ್ರೇ" ಅಂದರೆ ಅವರಿಗೆ ಅಳತೆ ಸಿಗುವುದಿಲ್ಲ. ಎಂಟು ದಿನ ದಾಟಿದರೆ, ಗಂಟೆಗೊಂದು ಎರಡು ಗಂಟೆಗೊಂದು ಪ್ಯಾಡ್ ನೆನೆದರೆ, ದೊಡ್ಡ ದೊಡ್ಡ ಗಂಟು ಬಿದ್ದರೆ, ಅದು ಜಾಸ್ತಿಯೇ. ಅಳತೆ ಎಷ್ಟೇ ಇರಲಿ, ನಿಮ್ಮ ಕೆಲಸ, ಓಡಾಟ, ನಿದ್ದೆ ಕೆಡುವಷ್ಟು ಹೋಗುತ್ತಿದ್ದರೆ ತೋರಿಸುವುದಕ್ಕೆ ಅಷ್ಟೇ ಕಾರಣ ಸಾಕು.

ಇದರ ಜೊತೆ ನಿಮ್ಮ ಹೆರಿಗೆ, ಸಿಸೇರಿಯನ್, ಗರ್ಭಪಾತ, ಡಿ ಅಂಡ್ ಸಿ (ಗರ್ಭಕೋಶದ ಒಳಪದರ ಕೆರೆದು ತೆಗೆಯುವುದು) ಎಲ್ಲದರ ವರ್ಷ ಬರೆದುಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ, ಸ್ತನ ಕ್ಯಾನ್ಸರಿನ ಟಾಮಾಕ್ಸಿಫೆನ್, ಹಾರ್ಮೋನ್ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ, ನಾಟಿ ಔಷಧಿ, ಯಾವುದನ್ನೂ ಮುಚ್ಚಿಡಬೇಡಿ. ಮುಂದೆ ಮಕ್ಕಳು ಬೇಕಾ ಬೇಡವಾ ಅನ್ನುವುದನ್ನು ನೀವೇ ಬಾಯಿಬಿಟ್ಟು ಹೇಳಿ. ಯಾಕೆಂದರೆ ಮುಂದಿನ ಅರ್ಧ ಚಿಕಿತ್ಸೆಗಳು ಈ ಒಂದು ಉತ್ತರದ ಮೇಲೆ ನಿಂತಿವೆ, ಅದನ್ನು ಅತ್ತೆಯೋ ಗಂಡನೋ ನಿಮ್ಮ ಪರವಾಗಿ ಹೇಳಬಾರದು.

ಎರಡು ವಿಷಯಕ್ಕೆ ಮಾತ್ರ ಕಾಯಬೇಡಿ. ಗಂಟೆಗೊಂದು ಪ್ಯಾಡಿನಂತೆ ಎರಡು ಗಂಟೆ ದಾಟಿ ನೆನೆಯುತ್ತಲೇ ಇದ್ದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ, ಅವತ್ತೇ ಎಮರ್ಜೆನ್ಸಿಗೆ ಹೋಗಿ. ಇನ್ನೊಂದು, ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಕಲೆ ರಕ್ತ ಕಂಡರೂ ತೋರಿಸಿ. ನಮ್ಮ ತಾಯಂದಿರು "ಉಷ್ಣ ಆಗಿರಬೇಕು" ಅಂತ ಸುಮ್ನೆ ಕೂರುತ್ತಾರೆ. ದಯವಿಟ್ಟು ಕೂರಲು ಬಿಡಬೇಡಿ. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಅಲ್ಲ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇದ್ದರೆ ಅದು ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ, ಬೇಗ ಹಿಡಿದರೆ ಗುಣವಾಗುವ ಕ್ಯಾನ್ಸರ್ ಅದು.

ಮೊದಲ ಪರೀಕ್ಷೆಗಳು, ಮತ್ತು ಸ್ಕ್ಯಾನ್ ರಿಪೋರ್ಟ್ ನೋಡಿ ಹೆದರದೆ ಇರುವುದು

ಮುಟ್ಟು ಬರುತ್ತಿರುವ ವಯಸ್ಸಿನವರಿಗೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್. ಮಕ್ಕಳಾಗದ ಆಪರೇಷನ್ ಆಗಿದೆ, ಕಾಪರ್ ಟಿ ಇದೆ ಅಂದರೂ ಮಾಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ಹಿಮೋಗ್ಲೋಬಿನ್, ಥೈರಾಯ್ಡ್. ಚಿಕ್ಕ ವಯಸ್ಸಿನಿಂದಲೂ ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ, ಹಲ್ಲು ಕೀಳಿಸಿದಾಗಲೂ ರಕ್ತ ನಿಲ್ಲದೆ ಹೋಗಿದ್ದರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಕೂಡ ಬೇಕು.

ಸ್ಕ್ಯಾನ್ ಎರಡು ಥರ. ಹೊಟ್ಟೆ ಮೇಲಿನದಕ್ಕೆ ನೀರು ಕುಡಿದು ಮೂತ್ರ ತುಂಬಿರಬೇಕು. ಯೋನಿಯ ಮೂಲಕ ಮಾಡುವ ಒಳಗಿನ ಸ್ಕ್ಯಾನಿಗೆ ಮೂತ್ರ ಮಾಡಿ ಬರಬೇಕು. ಗರ್ಭಕೋಶದ ಒಳಪದರ ನೋಡುವುದಕ್ಕೆ ಎರಡನೆಯದೇ ಒಳ್ಳೆಯದು. ಆದರೆ ಮದುವೆಯಾಗದ ಹುಡುಗಿಯರು, ಬೇಡ ಅನಿಸಿದ ಯಾರೇ ಆಗಲಿ, ಬೇಡ ಅನ್ನಬಹುದು.

ರಿಪೋರ್ಟಿನಲ್ಲಿ "ಬಲ್ಕಿ ಯೂಟರಸ್" ಅಂತ ಬರೆದಿರುತ್ತಾರೆ. ಈ ಎರಡು ಪದಕ್ಕೇ ಗರ್ಭಕೋಶ ಕಳೆದುಕೊಂಡವರಿದ್ದಾರೆ, ಅದನ್ನು ನೆನೆದರೆ ಸಂಕಟವಾಗುತ್ತದೆ. ಬಲ್ಕಿ ಅಂದರೆ ಸ್ವಲ್ಪ ದಪ್ಪ ಇದೆ ಅಂತ ಅಷ್ಟೇ, ಎರಡು ಮೂರು ಹೆರಿಗೆ ಆದವರಲ್ಲಿ ಅದು ಮಾಮೂಲು. ಅದು ಕಾಯಿಲೆಯ ಹೆಸರಲ್ಲ. ಗರ್ಭಕೋಶದ ಬಾಯಿಯ ಹತ್ತಿರ "ನೆಬೋತಿಯನ್ ಸಿಸ್ಟ್" ಅಂತ ಬರೆದಿದ್ದರೂ ಅಷ್ಟೇ, ಅದರ ಪಾಡಿಗೆ ಅದು ಇರುತ್ತದೆ, ಏನೂ ಮಾಡಬೇಕಿಲ್ಲ. ಒಳಪದರದ ದಪ್ಪ ಇಷ್ಟು ಮಿಲಿಮೀಟರ್ ಅಂತ ಇರುತ್ತದಲ್ಲ, ಅದನ್ನು ಓದುವುದಕ್ಕೆ ಮುಟ್ಟಿನ ಯಾವ ದಿನ ಸ್ಕ್ಯಾನ್ ಮಾಡಿದ್ದು ಅನ್ನುವುದು ಗೊತ್ತಿರಬೇಕು. ಮುಟ್ಟು ಮುಗಿದ ಕೂಡಲೇ ತೆಳ್ಳಗಿರುವ ಪದರ ಮುಂದಿನ ಮುಟ್ಟಿನ ಹೊತ್ತಿಗೆ 12 ಮಿಲಿಮೀಟರ್ ದಾಟುವುದು ಸಹಜ. ಮುಟ್ಟು ನಿಂತವರ ಲೆಕ್ಕವೇ ಬೇರೆ. ಅವರಿಗೆ ರಕ್ತ ಕಾಣಿಸಿ, ಪದರ 4 ಮಿಲಿಮೀಟರಿಗಿಂತ ದಪ್ಪ ಇದ್ದರೆ ಅದರ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು.

ಗಡ್ಡೆ ಇದೆ ಅಂದರೆ ಎಷ್ಟು ದೊಡ್ಡದು ಅಂತ ಕೇಳುವ ಮುಂಚೆ ಎಲ್ಲಿದೆ ಅಂತ ಕೇಳಿ. ಫೈಬ್ರಾಯ್ಡ್ ಅನ್ನುವ ಈ ಗಡ್ಡೆ ಗರ್ಭಕೋಶದ ಹೊರಗೋಡೆಯ ಕಡೆ ಬೆಳೆದರೆ ಆರು ಸೆಂಟಿಮೀಟರ್ ಇದ್ದರೂ ಮುಟ್ಟಿಗೆ ಏನೂ ಆಗದೆ ಇರಬಹುದು. ಒಳಗಿನ ಖಾಲಿ ಜಾಗಕ್ಕೆ ಚಾಚಿಕೊಂಡ ಒಂದೂವರೆ ಸೆಂಟಿಮೀಟರಿನದು ಹಿಮೋಗ್ಲೋಬಿನ್ ಆರಕ್ಕೆ ಇಳಿಸಬಹುದು. ಎರಡನ್ನೂ ಕಾಗದದ ಮೇಲೆ "ಫೈಬ್ರಾಯ್ಡ್ ಯೂಟರಸ್" ಅಂತಲೇ ಬರೆಯುತ್ತಾರೆ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಸ್ಕ್ಯಾನಿನಲ್ಲಿ ಅನುಮಾನ ಉಳಿದರೆ ಗರ್ಭಕೋಶದೊಳಗೆ ಸ್ವಲ್ಪ ಸಲೈನ್ ಬಿಟ್ಟು ಸ್ಕ್ಯಾನ್ ಮಾಡುವ ಸಲೈನ್ ಸೋನೋಗ್ರಫಿ ಇದೆ. ಪಾಲಿಪ್ ಅಥವಾ ಒಳಗಡ್ಡೆ ಇದ್ದರೆ ನೀರಿನ ಮಧ್ಯೆ ಚೆನ್ನಾಗಿ ಕಾಣುತ್ತದೆ.

ಈ ಹಂತದಲ್ಲೇ ಎಷ್ಟೋ ಜನರಿಗೆ ಮಾತ್ರೆಯಿಂದ ದಾರಿ ಸಿಗುತ್ತದೆ. ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್, ನೋವಿಗೂ ರಕ್ತಕ್ಕೂ ಆಗುವ ಮೆಫೆನಾಮಿಕ್ ಆಸಿಡ್, ಹಾರ್ಮೋನ್ ಮಾತ್ರೆ. ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು ಅದನ್ನು ಮೊದಲೇ ಹೇಳಬೇಕು, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬಾರದು. ರಕ್ತ ಕಮ್ಮಿ ಇದ್ದರೆ ಕಬ್ಬಿಣದ ಮಾತ್ರೆ, ತುಂಬಾ ಕಮ್ಮಿ ಇದ್ದರೆ ಡ್ರಿಪ್ಪಿನಲ್ಲಿ ಕೊಡುವ ಕಬ್ಬಿಣ. ಮುಂದೆ ಏನೇ ಮಾಡಿಸಿದರೂ ರಕ್ತ ಏರಿಸಿಕೊಂಡು ಹೋಗುವುದು ನಿಮಗೇ ಒಳ್ಳೆಯದು.

ಚೂರು ತೆಗೆಯುವ ಪರೀಕ್ಷೆ

ವಯಸ್ಸು 45 ದಾಟಿದ್ದರೆ, ಅಥವಾ ಅದಕ್ಕಿಂತ ಚಿಕ್ಕವರಾಗಿದ್ದರೂ ತೂಕ ಜಾಸ್ತಿ, ಪಿಸಿಓಡಿ, ಸಕ್ಕರೆ ಕಾಯಿಲೆ ಇದ್ದು ಮಾತ್ರೆಗೆ ಬಗ್ಗದ ರಕ್ತ ಇದ್ದರೆ, ಒಳಪದರದ ಬಯಾಪ್ಸಿ ಬೇಕು. ಪೈಪೆಲ್ ಅನ್ನುವ ಸುಮಾರು 3 ಮಿಲಿಮೀಟರಿನ ಪ್ಲಾಸ್ಟಿಕ್ ಕೊಳವೆಯಿಂದ ಒಪಿಡಿಯಲ್ಲೇ ತೆಗೆಯುತ್ತಾರೆ. ಕೆಲವೇ ನಿಮಿಷ. ಮುಟ್ಟಿನ ನೋವಿನ ಥರ ಬಿಗಿಯಾದ ನೋವು ಬರುತ್ತದೆ, ಹೋಗುತ್ತದೆ. ಒಂದು ಗಂಟೆ ಮುಂಚೆ ನೋವಿನ ಮಾತ್ರೆ ತೆಗೆದುಕೊಳ್ಳಬಹುದಾ ಅಂತ ಕೇಳಿ.

ಇದಕ್ಕೊಂದು ಮಿತಿ ಇದೆ. ಪೈಪೆಲ್ ಆಗಲಿ, ಜನ "ಕ್ಲೀನಿಂಗ್" ಅನ್ನುವ ಡಿ ಅಂಡ್ ಸಿ ಆಗಲಿ, ಎರಡೂ ಕಣ್ಣಿಗೆ ಕಾಣದೆ ಮಾಡುವ ಕೆಲಸ. ಪದರ ಎಲ್ಲಾ ಕಡೆ ಒಂದೇ ಥರ ಕೆಟ್ಟಿದ್ದರೆ ಸಿಗುತ್ತದೆ. ಒಂದು ಮೂಲೆಯಲ್ಲಿ ಕೂತ ಪಾಲಿಪ್ ತಪ್ಪಿಹೋಗುತ್ತದೆ. ರಿಪೋರ್ಟ್ ನಾರ್ಮಲ್ ಬಂದು, ರಕ್ತ ಮಾತ್ರ ನಿಲ್ಲದೆ, ಮತ್ತೆ ಮತ್ತೆ ಡಿ ಅಂಡ್ ಸಿ ಮಾಡಿಸಿಕೊಂಡವರು ನಮ್ಮ ಊರುಗಳಲ್ಲಿ ಕಮ್ಮಿ ಇಲ್ಲ. ಎರಡನೇ ಸಲ "ಕ್ಲೀನ್ ಮಾಡೋಣ" ಅಂದರೆ, "ಸುಮ್ನೆ ಕೆರೆಯುವ ಬದಲು ಹಿಸ್ಟರೋಸ್ಕೋಪಿಯಲ್ಲಿ ನೋಡಿ ಮಾಡಬಹುದಾ?" ಅಂತ ಕೇಳಿ.

ಹಿಸ್ಟರೋಸ್ಕೋಪಿ

ಯೋನಿಯ ಮೂಲಕ, ಗರ್ಭಕೋಶದ ಬಾಯಿ ದಾಟಿಸಿ ಒಂದು ತೆಳು ಕ್ಯಾಮೆರಾ ಕೊಳವೆಯನ್ನು ಒಳಗೆ ಕಳಿಸಿ ಟಿವಿ ಪರದೆಯಲ್ಲಿ ನೋಡುವುದೇ ಹಿಸ್ಟರೋಸ್ಕೋಪಿ. ನೋಡುವುದಕ್ಕಷ್ಟೇ ಬಳಸುವ ಕೊಳವೆ 3ರಿಂದ 5 ಮಿಲಿಮೀಟರ್ ಇರುತ್ತದೆ. ಗಡ್ಡೆ ಕತ್ತರಿಸುವ ಸಾಧನ ಇನ್ನೂ ದಪ್ಪ, 9 ಮಿಲಿಮೀಟರಿನ ಹತ್ತಿರ, ಅದಕ್ಕೆ ಗರ್ಭಕೋಶದ ಬಾಯಿಯನ್ನು ಸ್ವಲ್ಪ ಅಗಲ ಮಾಡಬೇಕು. ಹೊಟ್ಟೆ ಮೇಲೆ ಗಾಯವೇ ಇಲ್ಲ. ಗಾಳಿ ತೆಗೆದ ಬಲೂನಿನ ಹಾಗೆ ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸಲೈನ್ ಬಿಟ್ಟು ಅವನ್ನು ಬಿಡಿಸಿದ ಮೇಲೆಯೇ ಒಳಗಿನ ಜಾಗ, ಎರಡೂ ಅಂಡನಾಳಗಳ ಬಾಯಿ, ಪಾಲಿಪ್, ಗಡ್ಡೆ, ಅಡ್ಡಪೊರೆ ಕಾಣುವುದು.

ಇದೇನೋ ನಿನ್ನೆ ಮೊನ್ನೆ ಬಂದದ್ದು, ಪ್ರಯೋಗ ಮಾಡುತ್ತಾರೆ ಅಂತ ಹೆದರುವವರಿಗೆ ಒಂದು ಮಾತು. 1869ರಲ್ಲೇ ಪಾಂಟಲಿಯೋನಿ ಅನ್ನುವ ಡಾಕ್ಟರ್, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಿದ್ದ ಅರವತ್ತರ ಹೆಂಗಸಿನ ಗರ್ಭಕೋಶದೊಳಗೆ ಕೊಳವೆಯಿಂದ ನೋಡಿ, ಪಾಲಿಪ್ ಪತ್ತೆ ಮಾಡಿ, ಅಲ್ಲೇ ಸಿಲ್ವರ್ ನೈಟ್ರೇಟ್ ಹಚ್ಚಿ ಸುಟ್ಟಿದ್ದರು. ನೋಡಿದ ಕೂಡಲೇ ಚಿಕಿತ್ಸೆಯನ್ನೂ ಮುಗಿಸುವ ಆ ಕ್ರಮವೇ ಈಗಲೂ ಇದರ ದೊಡ್ಡ ಲಾಭ.

ದಿನ ಗೊತ್ತು ಮಾಡುವಾಗ ಮುಟ್ಟು ನಿಂತ ಕೂಡಲೇ ಬರುವ ದಿನಗಳನ್ನು ಕೇಳಿ. ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಸುಮಾರು 6ರಿಂದ 11ನೇ ದಿನ. ಆಗ ಪದರ ತೆಳ್ಳಗಿರುತ್ತದೆ, ಒಳಗೆಲ್ಲ ಚೆನ್ನಾಗಿ ಕಾಣುತ್ತದೆ, ಗೊತ್ತಾಗದ ಬಸಿರು ಇರುವ ಸಾಧ್ಯತೆಯೂ ಕಮ್ಮಿ. ರಕ್ತ ಯಾವತ್ತೂ ನಿಲ್ಲದವರಿಗೆ ಕೆಲವು ದಿನ ಹಾರ್ಮೋನ್ ಮಾತ್ರೆ ಕೊಟ್ಟು ನಿಲ್ಲಿಸಿ ಮಾಡುತ್ತಾರೆ. ಬಸಿರಿದ್ದರೆ, ಕಿಬ್ಬೊಟ್ಟೆಯಲ್ಲಿ ಸೋಂಕು ಇದ್ದು ಕೆಟ್ಟ ವಾಸನೆಯ ಬಿಳಿ ಹೋಗುತ್ತಿದ್ದರೆ, ಇದನ್ನು ಮಾಡುವುದಿಲ್ಲ. ಮೊದಲು ಅದಕ್ಕೆ ಔಷಧಿ.

ಅರಿವಳಿಕೆ ಬೇಕಾ? ನೋಡುವುದಕ್ಕಷ್ಟೇ ಅಥವಾ ಸಣ್ಣ ಪಾಲಿಪ್ ತೆಗೆಯುವುದಕ್ಕೆ ತೆಳು ಕೊಳವೆ ಇದ್ದರೆ ಅರಿವಳಿಕೆ ಇಲ್ಲದೆಯೂ ಆಗುತ್ತದೆ, ಯೋನಿಗೆ ಲೋಹದ ಸಾಧನ ಹಾಕದೆ ಸಲೈನಿನ ಒತ್ತಡದಲ್ಲೇ ಕೊಳವೆ ಒಳಗೆ ಕಳಿಸುವ ವಿಧಾನದಲ್ಲಿ ನೋವು ಇನ್ನೂ ಕಮ್ಮಿ. ಆದರೆ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಮಾಮೂಲಿ ಹೆರಿಗೆ ಆಗದವರಿಗೆ, ಮುಟ್ಟು ನಿಂತವರಿಗೆ, ಮುಟ್ಟಿನಲ್ಲೇ ತುಂಬಾ ನೋವು ಪಡುವವರಿಗೆ ಜಾಸ್ತಿ ನೋಯಬಹುದು. "ಇಷ್ಟೂ ತಡ್ಕೊಳಕ್ಕಾಗಲ್ವಾ" ಅನ್ನುವ ಮಾತು ಕೇಳಿಸಿಕೊಂಡು ಹಲ್ಲು ಕಚ್ಚಿ ಮಲಗಬೇಕಾಗಿಲ್ಲ. ಮಧ್ಯದಲ್ಲಿ ನಿಲ್ಲಿಸಿ ಅಂದರೆ ನಿಲ್ಲಿಸಬೇಕು, ಇನ್ನೊಂದು ದಿನ ಅರಿವಳಿಕೆ ಕೊಟ್ಟು ಮಾಡಬಹುದು. ಇದನ್ನು ಮುಂಚೆಯೇ ಮಾತಾಡಿಕೊಳ್ಳಿ. ನಮ್ಮಲ್ಲಿ ಬಹಳ ಕಡೆ ಚಿಕ್ಕ ಅರಿವಳಿಕೆ ಕೊಟ್ಟೇ ಮಾಡುತ್ತಾರೆ, ಅದೂ ಸರಿಯೇ. ಹಾಗಿದ್ದರೆ ಊಟ ಬಿಟ್ಟು ಆರು ಗಂಟೆ, ಬರೀ ನೀರು ಬಿಟ್ಟು ಎರಡು ಗಂಟೆ ಆಗಿರಬೇಕು ಅನ್ನುವುದು ಸಾಮಾನ್ಯ ಲೆಕ್ಕ, ನಿಮ್ಮ ಆಸ್ಪತ್ರೆಯವರು ಹೇಳಿದ್ದನ್ನೇ ಪಾಲಿಸಿ. ಹಿಂದಿನ ರಾತ್ರಿ ಗರ್ಭಕೋಶದ ಬಾಯಿ ಮೆತ್ತಗಾಗಲು ಮಾತ್ರೆ ಇಟ್ಟುಕೊಳ್ಳಲು ಹೇಳಿದರೆ ಹೊಟ್ಟೆ ಹಿಂಡುವುದು, ಚಳಿ, ಭೇದಿ ಆಗಬಹುದು, ಅದಕ್ಕೆ ಗಾಬರಿ ಬೇಡ. ಬಳೆ, ಮೂಗುತಿ, ಕಾಲುಂಗುರ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಕರೆಂಟಿನ ಸಾಧನ ಬಳಸುವಾಗ ಲೋಹ ಮೈಮೇಲೆ ಇರಬಾರದು. ತಾಳಿ ತೆಗೆಯಲು ಮನಸ್ಸಾಗದಿದ್ದರೆ ಮುಂಚೆಯೇ ನರ್ಸ್ ಹತ್ತಿರ ಹೇಳಿ, ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಹೋಗುವವರೂ ಇದ್ದಾರೆ. ಜೊತೆಗೆ ಒಬ್ಬರು ಇರಲಿ, ಅರಿವಳಿಕೆ ಆದ ದಿನ ಗಾಡಿ ಓಡಿಸಬಾರದು.

ಒಳಗೆ ಏನು ಕಂಡರೆ ಏನು ಮಾಡುತ್ತಾರೆ ಅನ್ನುವುದನ್ನು ಸಹಿ ಹಾಕುವ ಮುಂಚೆ ಕೇಳಿಟ್ಟುಕೊಳ್ಳಿ. ಪಾಲಿಪ್ ಸಿಕ್ಕರೆ ಬುಡಸಮೇತ ತೆಗೆದುಬಿಡಿ ಅಂತ ಒಪ್ಪಿಗೆ ಕೊಟ್ಟಿದ್ದರೆ ಎರಡು ಸಲ ಟೇಬಲ್ ಹತ್ತುವುದು ತಪ್ಪುತ್ತದೆ. ಒಳಗೆ ಪೂರ್ತಿ ಚಾಚಿದ ಗಡ್ಡೆಯನ್ನು, ಅರ್ಧಕ್ಕಿಂತ ಜಾಸ್ತಿ ಒಳಗೆ ಚಾಚಿದ್ದನ್ನು, ಮೂರು ನಾಲ್ಕು ಸೆಂಟಿಮೀಟರಿನವರೆಗೆ ಹೀಗೇ ಚೂರು ಚೂರಾಗಿ ಕತ್ತರಿಸಿ ತೆಗೆಯುತ್ತಾರೆ. ಗೋಡೆಯೊಳಗೆ ಜಾಸ್ತಿ ಹೂತಿದ್ದರೆ ಒಂದೇ ಸಲಕ್ಕೆ ಮುಗಿಯದೆ ಎರಡನೇ ಸಲ ಬೇಕಾಗಬಹುದು, ಅದು ಡಾಕ್ಟರ ತಪ್ಪಲ್ಲ, ಅವರು ತೋರಿಸುವ ಎಚ್ಚರಿಕೆ. ದಾರ ಕಾಣದೆ ಹೋದ ಕಾಪರ್ ಟಿ, ಗರ್ಭಪಾತದ ನಂತರ ಉಳಿದ ಮಾಸಿನ ಚೂರು, ಇವಕ್ಕೂ ಇದೇ ದಾರಿ.

ಗರ್ಭಕೋಶದ ಗೋಡೆಗಳು ಗಾಯವಾಗಿ ಒಂದಕ್ಕೊಂದು ಬೆಸೆದುಕೊಳ್ಳುವುದು ಇನ್ನೊಂದು ತೊಂದರೆ. ಗರ್ಭಪಾತವಾದ ಮೇಲೆ, ಹೆರಿಗೆಯಾದ ಮೇಲೆ ಕೆರೆದದ್ದು ಇದಕ್ಕೆ ಮುಖ್ಯ ಕಾರಣ. ನಮ್ಮ ದೇಶದಲ್ಲಿ ಗರ್ಭಕೋಶಕ್ಕೆ ಬರುವ ಕ್ಷಯವೂ ಕಾರಣ. ಮುಟ್ಟು ತುಂಬಾ ಕಮ್ಮಿಯಾಗಿದ್ದರೆ, ನಿಂತೇ ಹೋಗಿದ್ದರೆ ಇದನ್ನು ಯೋಚಿಸಬೇಕು. ಬೆಸೆದದ್ದನ್ನು ಕ್ಯಾಮೆರಾದಲ್ಲಿ ನೋಡುತ್ತಾ ಬಿಡಿಸುತ್ತಾರೆ. ಮತ್ತೆ ಅಂಟಿಕೊಳ್ಳುವ ಸ್ವಭಾವ ಇರುವುದರಿಂದ ಕೆಲವು ವಾರ ಬಿಟ್ಟು ಮತ್ತೆ ನೋಡಬೇಕಾಗುತ್ತದೆ. ಇದಕ್ಕೆ ಕೈ ಪಳಗಿದ ಡಾಕ್ಟರನ್ನೇ ಹುಡುಕಿ.

ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಸಾಧನ ಗರ್ಭಕೋಶದ ಗೋಡೆ ತೂರಿ ತೂತಾಗಬಹುದು. ಸುಮ್ಮನೆ ನೋಡುವಾಗ ಇದು ಬಹಳ ಅಪರೂಪ. ಗಡ್ಡೆ, ಅಂಟು ಕತ್ತರಿಸುವಾಗ ಸ್ವಲ್ಪ ಜಾಸ್ತಿ, ನೂರಕ್ಕೆ ಒಂದರ ಆಸುಪಾಸು. ಸೋಂಕು, ರಕ್ತಸ್ರಾವ ಆಗಬಹುದು. ಜನಕ್ಕೆ ಗೊತ್ತಿಲ್ಲದ ಅಪಾಯ ನೀರಿನದು. ಗರ್ಭಕೋಶಕ್ಕೆ ಬಿಟ್ಟ ನೀರು ಕತ್ತರಿಸಿದ ರಕ್ತನಾಳದ ಮೂಲಕ ದೇಹಕ್ಕೆ ಸೇರುತ್ತದೆ. ಜಾಸ್ತಿ ಸೇರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಗ್ಲೈಸಿನ್ ಥರದ ದ್ರಾವಣ ಆಗಿದ್ದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಅದಕ್ಕೇ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಅಂತ ಲೆಕ್ಕ ಇಡುತ್ತಾರೆ. ಆರೋಗ್ಯವಾಗಿರುವವರಲ್ಲಿ ಗ್ಲೈಸಿನ್ ಆದರೆ 1000 ಮಿಲಿ, ಸಲೈನ್ ಆದರೆ 2500 ಮಿಲಿ ವ್ಯತ್ಯಾಸ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ದೊಡ್ಡ ಗಡ್ಡೆ ತೆಗೆಸುವವರು "ನೀರಿನ ಲೆಕ್ಕ ಯಾರು ಇಡ್ತಾರೆ?" ಅಂತ ಕೇಳಿ ನೋಡಿ. ಸಲೀಸಾಗಿ ಉತ್ತರ ಬಂದರೆ ಆ ಥಿಯೇಟರಿನಲ್ಲಿ ಶಿಸ್ತಿದೆ ಅಂತ ಅರ್ಥ.

ಮಗುವಿಗಾಗಿ ಕಾಯುತ್ತಿರುವವರಿಗೆ

ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸುವ ಮುಂಚೆ "ಒಂದು ಸಲ ಹಿಸ್ಟರೋಸ್ಕೋಪಿ ಮಾಡಿಬಿಡೋಣ" ಅಂತ ಎಲ್ಲರಿಗೂ ಹೇಳುವ ಕಡೆಗಳಿವೆ. ಸ್ಕ್ಯಾನಿನಲ್ಲಿ ಪಾಲಿಪ್, ಒಳಗಡ್ಡೆ, ಅಂಟು ಕಂಡಿದ್ದರೆ ಅದಕ್ಕೆ ಅರ್ಥವಿದೆ. ಸ್ಕ್ಯಾನ್ ಪೂರ್ತಿ ನಾರ್ಮಲ್ ಇದ್ದವರಿಗೆ ಮಾಡಿದರೆ ಮಗು ಆಗುವ ಸಾಧ್ಯತೆ ಹೆಚ್ಚುತ್ತದಾ ಅಂತ ಯುರೋಪಿನಲ್ಲಿ ನಡೆದ ಎರಡು ದೊಡ್ಡ ಅಧ್ಯಯನಗಳು 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದವು. ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಗರ್ಭಕೋಶದ ಮಧ್ಯೆ ಹುಟ್ಟಿನಿಂದಲೇ ಇರುವ ಅಡ್ಡಪೊರೆ ಕತ್ತರಿಸುವ ವಿಷಯವೂ ಹೀಗೇ. 2021ರಲ್ಲಿ ಬಂದ, ಸುಮಾರು ಎಂಬತ್ತು ಹೆಂಗಸರ ಮೇಲಿನ ಅಧ್ಯಯನದಲ್ಲಿ ಕತ್ತರಿಸಿದವರಿಗೂ ಕತ್ತರಿಸದವರಿಗೂ ಹೆರಿಗೆಯಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಅದು ಸಣ್ಣ ಅಧ್ಯಯನ, ಡಾಕ್ಟರುಗಳ ನಡುವೆ ಚರ್ಚೆ ಇನ್ನೂ ಇದೆ. ಮೇಲಿಂದ ಮೇಲೆ ಗರ್ಭ ನಿಲ್ಲದೆ ಹೋದವರು ಒಬ್ಬರ ಮಾತಿಗೆ ಓಡದೆ ಎರಡು ಕಡೆ ಕೇಳಿ ತೀರ್ಮಾನ ಮಾಡಿ.

ಒಳಗೆ ತೆಗೆಯುವಂಥದ್ದು ಏನೂ ಇಲ್ಲದಿದ್ದರೆ

ಅಡಿನೋಮಯೋಸಿಸ್ ಅಂತ ಒಂದಿದೆ. ಒಳಪದರದ ಥರದ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆದಿರುತ್ತದೆ. ಜಾಸ್ತಿ ರಕ್ತ, ಜೊತೆಗೆ ಸೊಂಟ ಮುರಿಯುವಂಥ ನೋವು. ಇದಕ್ಕೆ, ಮತ್ತು ಕಾರಣ ಸಿಗದ ಜಾಸ್ತಿ ಮುಟ್ಟಿಗೆ, ಮಿರೆನಾ ಥರದ ಹಾರ್ಮೋನ್ ಕಾಪರ್ ಟಿ ಒಳ್ಳೆಯ ದಾರಿ. ಹೆಸರಿಗೆ ಕಾಪರ್ ಟಿ ಅಂತ ಜನ ಹೇಳಿದರೂ ಅದರಲ್ಲಿ ತಾಮ್ರ ಇಲ್ಲ, 52 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ ಇರುತ್ತದೆ, ಅದು ದಿನಾ ಇಷ್ಟಿಷ್ಟೇ ಬಿಡುಗಡೆಯಾಗಿ ಪದರವನ್ನು ತೆಳ್ಳಗೆ ಇಡುತ್ತದೆ. ತಾಮ್ರದ ಕಾಪರ್ ಟಿ ರಕ್ತ ಜಾಸ್ತಿ ಮಾಡುತ್ತದೆ, ಇದು ಕಮ್ಮಿ ಮಾಡುತ್ತದೆ. ಒಪಿಡಿಯಲ್ಲೇ ಹಾಕುತ್ತಾರೆ, ಜಾಸ್ತಿ ರಕ್ತಕ್ಕಾಗಿ ಹಾಕಿದ್ದು ಐದು ವರ್ಷ ಇರಬಹುದು. ಮೊದಲ ಮೂರರಿಂದ ಆರು ತಿಂಗಳು ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ಕಲೆ ಕಾಣುತ್ತದೆ. ಬಹಳ ಜನ ಈ ಹೊತ್ತಿನಲ್ಲೇ ಬೇಸತ್ತು ತೆಗೆಸಿಬಿಡುತ್ತಾರೆ, ಆರು ತಿಂಗಳು ತಡೆದರೆ ಫಲ ಕಾಣುವುದು ಆಮೇಲೆ. ಬಯಾಪ್ಸಿಯಲ್ಲಿ ಪದರ ದಪ್ಪವಾಗಿದೆ, ಆದರೆ ಕೆಟ್ಟ ಕಣ ಇಲ್ಲ ಅಂತ ಬಂದವರಿಗೂ ಇದೇ ಚಿಕಿತ್ಸೆ, ಆರು ತಿಂಗಳಿಗೆ ಮತ್ತೆ ಚೂರು ತೆಗೆದು ನೋಡುತ್ತಾರೆ.

ಮಕ್ಕಳು ಬೇಡ ಅಂತ ಖಚಿತ ಇದ್ದವರಿಗೆ ಒಳಪದರವನ್ನು ಬಿಸಿಯಿಂದ ಸುಡುವ ಅಬ್ಲೇಷನ್ ಇದೆ, ಬಿಸಿನೀರಿನ ಬಲೂನಿನಿಂದ ಕೆಲವೇ ನಿಮಿಷದಲ್ಲಿ ಮಾಡುತ್ತಾರೆ. ಅದಕ್ಕೆ ಮುಂಚೆ ಬಯಾಪ್ಸಿ ಆಗಿರಲೇಬೇಕು. ಸುಟ್ಟ ಮೇಲೂ ಬಸಿರು ನಿಲ್ಲಬಹುದು, ಅದು ತಾಯಿಗೆ ಅಪಾಯ. ಹಾಗಾಗಿ ಮುಟ್ಟು ಪೂರ್ತಿ ನಿಲ್ಲುವ ವಯಸ್ಸಿನವರೆಗೆ ಗರ್ಭನಿರೋಧಕ ಬೇಕೇ ಬೇಕು.

ಗೋಡೆಯೊಳಗಿನ ಗಡ್ಡೆಗಳಿಗೆ ಎಂಬೊಲೈಸೇಷನ್ ಇದೆ, ಇದನ್ನು ಹೆರಿಗೆ ಡಾಕ್ಟರ್ ಮಾಡುವುದಿಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿಯವರು ಮಾಡುತ್ತಾರೆ. ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳು ಕೊಳವೆ ಕಳಿಸಿ ಗಡ್ಡೆಗೆ ರಕ್ತ ಹೋಗುವ ದಾರಿಯನ್ನು ಸಣ್ಣ ಕಣಗಳಿಂದ ಮುಚ್ಚುತ್ತಾರೆ. ಗಡ್ಡೆ ತಿಂಗಳುಗಳಲ್ಲಿ ಕುಗ್ಗುತ್ತದೆ. ಮೊದಲ ದಿನ ಚೆನ್ನಾಗಿ ನೋಯುತ್ತದೆ. ಮಗು ಬೇಕು ಅನ್ನುವವರಿಗೆ ಸಾಮಾನ್ಯವಾಗಿ ಇದನ್ನು ಮೊದಲ ದಾರಿಯಾಗಿ ಹೇಳುವುದಿಲ್ಲ.

ಅಂಥವರಿಗೆ ಲ್ಯಾಪರೋಸ್ಕೋಪಿಯಲ್ಲಿ ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಹೊಲಿಯುತ್ತಾರೆ. ಹೊಟ್ಟೆಯಲ್ಲಿ ಮೂರು ನಾಲ್ಕು ತೂತು, ಅರ್ಧದಿಂದ ಒಂದು ಸೆಂಟಿಮೀಟರಿನವು, ಪೂರ್ತಿ ಅರಿವಳಿಕೆ. ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈಆಕ್ಸೈಡ್ ತುಂಬುವುದರಿಂದ ಮಾರನೇ ದಿನ ಭುಜ ನೋಯಬಹುದು, ಅದು ಗ್ಯಾಸಿನ ನೋವು, ಹೃದಯದ್ದಲ್ಲ, ಎದ್ದು ಓಡಾಡಿದರೆ ಕಮ್ಮಿಯಾಗುತ್ತದೆ. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದು. ದೊಡ್ಡ ಗಡ್ಡೆಯನ್ನು ತೂತಿನಿಂದ ಹೊರತೆಗೆಯಲು ಯಂತ್ರದಿಂದ ಚೂರು ಮಾಡುತ್ತಾರೆ, ಅದನ್ನು ಚೀಲದೊಳಗೆ ಮಾಡುತ್ತೀರಾ? ಗಡ್ಡೆಯೊಳಗೆ ಅಪರೂಪಕ್ಕೆ ಅಡಗಿರುವ ಕ್ಯಾನ್ಸರ್ ಹೊಟ್ಟೆಯೊಳಗೆ ಹರಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಮುಂದೆ ಬಸಿರಾದಾಗ ಹೊಲಿಗೆಯ ವಿಷಯ ಹೆರಿಗೆ ಡಾಕ್ಟರಿಗೆ ಹೇಳಬೇಕು, ಹಾಗಾಗಿ ಆಪರೇಷನ್ ನೋಟ್ಸ್ ಜೋಪಾನವಾಗಿಡಿ.

ಇಷ್ಟೆಲ್ಲ ಆದ ಮೇಲೂ ಗರ್ಭಕೋಶ ತೆಗೆಸುವುದೇ ಸರಿ ಅನ್ನುವ ಸಂದರ್ಭ ಇದೆ. ಕ್ಯಾನ್ಸರ್, ಬಯಾಪ್ಸಿಯಲ್ಲಿ ಕೆಟ್ಟ ಕಣ, ಎಲ್ಲಾ ಮಾಡಿಯೂ ನಿಲ್ಲದ ರಕ್ತ, ಅಥವಾ ಎಲ್ಲಾ ತಿಳಿದುಕೊಂಡು ನೀವೇ "ಸಾಕು" ಅಂತ ತೀರ್ಮಾನ ಮಾಡಿದ್ದು. ಆಗ ಯೋನಿಯ ಮೂಲಕವೇ ತೆಗೆಯಲು ಆಗುತ್ತದಾ ಅಂತ ಮೊದಲು ಕೇಳಿ. ಹೊಟ್ಟೆ ಮೇಲೆ ಒಂದು ಗೀರೂ ಇಲ್ಲದ ದಾರಿ ಅದು. ಆಗದಿದ್ದರೆ ಲ್ಯಾಪರೋಸ್ಕೋಪಿ, ಅದೂ ಆಗದಿದ್ದರೆ ಹೊಟ್ಟೆ ಕೊಯ್ದು. ಅಂಡಾಶಯ ಉಳಿಸುತ್ತೀರಾ ತೆಗೆಯುತ್ತೀರಾ, ಯಾಕೆ, ಅನ್ನುವುದನ್ನು ಬೇರೆಯಾಗಿ ಕೇಳಿ ಬೇರೆಯಾಗಿ ಒಪ್ಪಿಗೆ ಕೊಡಿ.

ಖರ್ಚು ಮತ್ತು ಎಲ್ಲಿಗೆ ಹೋಗುವುದು

ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್ ಥರದ ಸರ್ಕಾರಿ ಆಸ್ಪತ್ರೆಗಳು ಮೆಡಿಕಲ್ ಕಾಲೇಜಿನ ಜೊತೆ ಇರುವಂಥವು, ನಿಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಮೊದಲು ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಂತೆ 1.5 ಲಕ್ಷದವರೆಗೆ ಅಂತ ಯೋಜನೆ ಶುರುವಾಯಿತು. ಆಧಾರ್, ರೇಷನ್ ಕಾರ್ಡ್ ಎರಡೂ ಹಿಡಿದುಕೊಂಡು ಹೋಗಿ. ಎಮರ್ಜೆನ್ಸಿ ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು, ಅದಿಲ್ಲದೆ ನೇರವಾಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಕಷ್ಟ. ಖಾಸಗಿಯಲ್ಲಿ ದುಡ್ಡು ಕೊಟ್ಟು ಮಾಡಿಸುವವರು ಥಿಯೇಟರ್, ಅರಿವಳಿಕೆ, ಬಯಾಪ್ಸಿ ಎಲ್ಲಾ ಸೇರಿ ಎಷ್ಟು, ಗಡ್ಡೆ ಸಿಕ್ಕರೆ ಎಷ್ಟು ಏರುತ್ತದೆ ಅಂತ ಬರೆಸಿಕೊಳ್ಳಿ.

ಎರಡನೇ ಅಭಿಪ್ರಾಯ ಕೇಳುವುದು ಮೊದಲ ಡಾಕ್ಟರಿಗೆ ಮಾಡುವ ಅವಮಾನ ಅಲ್ಲ. ಸ್ಕ್ಯಾನ್ ಫಿಲ್ಮು, ಬಯಾಪ್ಸಿ ರಿಪೋರ್ಟ್ ನಿಮ್ಮದು, ಕೇಳಿ ಇಸ್ಕೊಳ್ಳಿ. "ಈ ವಾರವೇ ತೆಗೆಸಬೇಕು, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತೆ" ಅಂತ ಬಯಾಪ್ಸಿಯೇ ಇಲ್ಲದೆ ಹೆದರಿಸಿದರೆ ಅವತ್ತೇ ಇನ್ನೊಬ್ಬರ ಹತ್ತಿರ ಹೋಗಿ. ಫೈಬ್ರಾಯ್ಡ್ ಕ್ಯಾನ್ಸರ್ ಗಡ್ಡೆ ಅಲ್ಲ, ಮೇಲೆ ಹೇಳಿದ ಹಾಗೆ ಅದರೊಳಗೆ ಕ್ಯಾನ್ಸರ್ ಅಡಗಿರುವುದು ಅಪರೂಪ.

ಮನೆಗೆ ಬಂದ ಮೇಲೆ

ಹಿಸ್ಟರೋಸ್ಕೋಪಿ ಆದ ಮೇಲೆ ಕೆಲವು ದಿನ, ಹೆಚ್ಚೆಂದರೆ ಒಂದು ವಾರದಷ್ಟು, ಸ್ವಲ್ಪ ರಕ್ತ, ನೀರು ಹೋಗುತ್ತದೆ. ಪ್ಯಾಡ್ ಬಳಸಿ, ಒಳಗೆ ಇಡುವ ಮುಟ್ಟಿನ ಕಪ್, ಟ್ಯಾಂಪೂನ್ ಬೇಡ. ಗಂಡ ಹೆಂಡತಿ ಸೇರುವುದು ಒಂದು ವಾರ ಬೇಡ. ಸ್ನಾನ ಮಾಡಬಹುದು. ಬಹಳ ಜನ ಒಂದೆರಡು ದಿನದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಬಾಣಂತಿಯ ಪಥ್ಯ, ಕಿವಿಗೆ ಹತ್ತಿ, ಒಂದು ತಿಂಗಳು ಮಂಚ, ಇವೇನೂ ಬೇಕಿಲ್ಲ. ಆದರೆ ಒಂದು ದಿನ ಬೇರೆಯವರು ಅಡುಗೆ ಮಾಡಿ ಹಾಕಿದರೆ ಚೆನ್ನಾಗಿರುತ್ತದೆ, ಅದನ್ನು ಕೇಳಲು ಸಂಕೋಚ ಬೇಡ.

ಚಳಿ ಜ್ವರ, ಕೆಟ್ಟ ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್, ಮಾತ್ರೆಗೆ ಬಗ್ಗದೆ ಏರುತ್ತಲೇ ಹೋಗುವ ಹೊಟ್ಟೆನೋವು, ಹೊಟ್ಟೆ ಉಬ್ಬಿ ವಾಂತಿ, ಉಸಿರು ಕಟ್ಟುವುದು, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಆಗುವಾಗಲೇ ರಾತ್ರಿ ಫೋನ್ ಮಾಡಬೇಕಾದ ನಂಬರ್ ಕೇಳಿ ಇಟ್ಟುಕೊಳ್ಳಿ.

ಇನ್ನು ಬಯಾಪ್ಸಿ. ಒಳಗಿಂದ ತೆಗೆದ ಪ್ರತಿ ಚೂರೂ ಲ್ಯಾಬಿಗೆ ಹೋಗಬೇಕು. ಕಣ್ಣಿಗೆ ಸಾದಾ ಪಾಲಿಪ್ ಅನಿಸಿದರೂ ಹೋಗಬೇಕು. ಲ್ಯಾಬಿಗೆ ಡಬ್ಬಿ ತೆಗೆದುಕೊಂಡು ಹೋಗುವ ಕೆಲಸ ಮನೆಯವರಿಗೆ ಹೇಳಿದರೆ ಅವತ್ತೇ ಕೊಟ್ಟು ರಸೀತಿ ಇಸ್ಕೊಳ್ಳಿ, ಡಬ್ಬಿಯ ಮೇಲೆ ಹೆಸರು, ವಯಸ್ಸು ಸರಿಯಾಗಿದೆಯಾ ನೋಡಿ. ರಿಪೋರ್ಟ್ ಸುಮಾರು ಒಂದು ವಾರದಲ್ಲಿ ಬರುತ್ತದೆ. ರಕ್ತ ನಿಂತಿದೆ, ಆರಾಮ ಇದೆ ಅಂತ ರಿಪೋರ್ಟ್ ತರದೆ ಬಿಡುವವರು ತುಂಬಾ ಜನ. ತಂದು, ಡಾಕ್ಟರಿಗೆ ತೋರಿಸಿ, ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳಿಸಿಕೊಂಡು, ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಪಾಲಿಪ್, ಗಡ್ಡೆ ಮತ್ತೆ ಬರಬಹುದು. ಮುಟ್ಟಿನ ನೋಟ್‌ಬುಕ್ ಮುಂದುವರಿಸಿ, ಮೂರು ತಿಂಗಳಿಗೆ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ, ರಕ್ತ ಮತ್ತೆ ಹೆಚ್ಚಾದರೆ ಹಳೆಯ ರಿಪೋರ್ಟುಗಳ ಜೊತೆ ಅದೇ ಡಾಕ್ಟರ ಹತ್ತಿರ ಹೋಗಿ.